ಮೇಷ್ಟ್ರು ನುಂಗಿದ ಮಾತು

ಅವತ್ತೂ ಮೇಷ್ಟ್ರು ಕೆಲಸಕ್ಕೆ ಹೊರಡುವಷ್ಟರಲ್ಲಿ ಮೆಟ್ಟಿಲ ಮೇಲೆ ಜಗಳ ಹತ್ತಿಕೊಂಡಿತ್ತು. ಮೇಲಿನ ಮನೆಯಾಕೆಯ ಒದ್ದೆ ಬಟ್ಟೆಯಿಂದ ಕೆಳಗಿನ ಮನೆಯಾತನ ಕಿಟಕಿಗೆ ನೀರು ಸೋರಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆತ ಕಿವಿ ಮುಚ್ಚಿಕೊಳ್ಳುವ ಹಾಗೆ ಬೈದ. ಮೇಷ್ಟ್ರು ತಲೆಯೆತ್ತಿ, "ಅಮ್ಮಾ, ಸ್ವಲ್ಪ ಹಿಂಡಿ ಒಣಗಿಸಿದ್ರೆ ಉಪಕಾರ ಆಗ್ತಿತ್ತು ಅಂತಿದಾರೆ" ಎಂದರು. ಆಕೆ ಹಾಕಿದ ಶಾಪವನ್ನು "ಇನ್ಮೇಲೆ ನೋಡ್ಕೋತಾರಂತೆ" ಎಂದು ಕೆಳಗಿಳಿಸಿದರು. ಜಗಳ ತಣ್ಣಗಾಯಿತು. ಹೀಗೆ ಮಾತಿನ ಮುಳ್ಳು ಕಿತ್ತು ದಾಟಿಸುವುದರಲ್ಲಿ ಮೇಷ್ಟ್ರನ್ನು ಬಿಟ್ಟರಿಲ್ಲ ಎಂದು ಬೇರೆ ಯಾರಿಗಿಂತ ಹೆಚ್ಚಾಗಿ ಅವರೇ ನಂಬಿದ್ದರು.

ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಈಗ ದುಭಾಷಿ. ದೇಶ ಬಿಟ್ಟು ಓಡಿಬಂದವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಚೇರಿಯಲ್ಲಿ ಕೆಲಸ. ಅವತ್ತು ವಿಚಾರಣೆ ಇದ್ದದ್ದು ಅವರ ಸೀಮೆಯವಳೇ ಆದ ಹೆಂಗಸಿನದು. ಅಲ್ಲಿ ಗಂಡನೊಂದಿಗೆ ಬೇಕರಿ ನಡೆಸಿದ್ದಳು. ಈಗ ಮಗಳನ್ನು ಕಟ್ಟಿಕೊಂಡು ಇಲ್ಲಿ ಆಶ್ರಯ ಕೇಳುತ್ತಿದ್ದಳು. ಅಧಿಕಾರಿ ಒಪ್ಪದಿದ್ದರೆ ತಾಯಿ ಮಗಳಿಬ್ಬರನ್ನೂ ವಾಪಸು ಕಳಿಸುತ್ತಿದ್ದರು.

ಲಾಯರಮ್ಮ ಎಷ್ಟು ಕೇಳಿದ್ದರೂ ಬೇಕರಿಯಾಕೆ ಪೂರ್ತಿ ಬಾಯಿ ಬಿಟ್ಟಿರಲಿಲ್ಲ. "ವಿಚಾರಣೇಲೇ ಹೇಳ್ತೀನಮ್ಮಾ. ಎರಡು ಸಲ ಹೇಳೋ ಶಕ್ತಿ ನಂಗಿಲ್ಲ" ಎಂದಿದ್ದಳು.

ಕಿಟಕಿಯಿಲ್ಲದ ಕೋಣೆ. ಉದ್ದನೆಯ ಮೇಜು, ನಡುವೆ ಮಾತು ದಾಖಲಿಸುವ ಯಂತ್ರ. ಅಧಿಕಾರಿ ಕೇಳಿದ: "ನಿಮ್ಮ ಬಲಗೈಗೆ ಏನಾಯಿತು?"

ಅವಳು ಮೇಜಿನ ಕಡೆ ನೋಡುತ್ತ ಹೇಳತೊಡಗಿದಳು. ಗಂಡ ಎದುರು ಪಡೆಯವರಿಗೆ ಬ್ರೆಡ್ ಮಾರಿದ ಅಂತ ಬಂದೂಕು ಹಿಡಿದವರು ನುಗ್ಗಿದರು. ಅವನು ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಗಳ ಸಂದಿಯಲ್ಲಿ ಅಡಗಿದ್ದ. ಎಲ್ಲಿದ್ದಾನೆಂದು ಕೇಳಿ, ಅವಳ ಕೂದಲು ಹಿಡಿದು, ಬಲಗೈಯನ್ನು ಉರಿಯುವ ಒಲೆಯೊಳಕ್ಕೆ ತುರುಕಿದರು. ಚರ್ಮ ತಟ್ಟೆಗೆ ಅಂಟಿತು. ಹೊರಗೆಳೆದು ಮತ್ತೆ ಕೇಳಿದರು. ಮತ್ತೆ ತುರುಕಿದರು. ಎರಡನೆಯ ಸಲಕ್ಕೆ ಅವಳೇ ಎಡಗೈ ಎತ್ತಿ ಹಿಂದಿನ ಬಾಗಿಲು ತೋರಿಸಿದಳು. ಬ್ರೆಡ್ ತೆಗೆಯುವ ಉದ್ದ ಹಿಡಿಯ ಹಲಗೆಯಿಂದಲೇ ಅವನ ತಲೆಗೆ ಬಡಿದರು. ಹಲಗೆ ಮುರಿದ ಮೇಲೆ ಕಬ್ಬಿಣದ ಸಲಾಕೆ ತಗೊಂಡರು. ಹಿಟ್ಟೆಲ್ಲ ರಕ್ತದಲ್ಲಿ ಕಲಸಿಹೋಯಿತು. ಹೋಗುವಾಗ ಅವರ ನಾಯಕ ಅವಳ ಗಲ್ಲ ಹಿಡಿದು, "ಬಾಯಿ ಬಿಟ್ರೆ ನಿನ್ನ ಮಗಳನ್ನ ಇದೇ ಒಲೆಗೆ ಹಾಕ್ತೀನಿ" ಎಂದ. ಈಗ ಆ ಪಟ್ಟಣ ಅವನದೇ ಕೈಯಲ್ಲಿದೆ.

ಮೇಷ್ಟ್ರು ಅಧಿಕಾರಿಯ ಕಡೆ ತಿರುಗಿದರು. ತಂಗಿಯಂಥವಳು. ಗಂಡನನ್ನು ಅವಳೇ ತೋರಿಸಿಕೊಟ್ಟಳೆಂದು ಪರದೇಶದ ಗಂಡಸಿನೆದುರು ಹೇಗೆ ಹೇಳುವುದು? ಅವರ ನಾಲಿಗೆ ಹಳೆಯ ದಾರಿ ಹಿಡಿಯಿತು.

"ಗಲಾಟೆಯಲ್ಲಿ ಈಕೆಯ ಕೈಗೆ ಒಲೆಯಿಂದ ಗಾಯವಾಯಿತು. ಗಂಡ ತೀರಿಕೊಂಡ. ಮತ್ತೆ ಗಲಾಟೆ ಆಗಬಹುದೆಂದು ಹೆದರಿದ್ದಾಳೆ."

ಅಧಿಕಾರಿ ಲೇಖನಿ ಕೆಳಗಿಟ್ಟ. "ಬೇಕರಿಯವರಿಗೆ ಸುಟ್ಟ ಗಾಯ ಆಗುವುದು ಮಾಮೂಲಿಯಲ್ಲವೇ? ಈಕೆಯನ್ನೇ ಯಾರಾದರೂ ಗುರಿ ಮಾಡಿದ್ದರು ಎನ್ನುವುದು ಎಲ್ಲಿದೆ?"

ಲಾಯರಮ್ಮ ತಟ್ಟನೆ ಎದ್ದು ಸ್ವಲ್ಪ ಬಿಡುವು ಕೇಳಿದಳು. ಮೂವರೂ ಕೋಣೆಯಿಂದ ಹೊರಬಂದದ್ದೇ ಅವಳು ಮೇಷ್ಟ್ರ ಮೇಲೆ ಸಿಡಿದಳು. "ಅವಳು ಅಷ್ಟು ಹೊತ್ತು ಹೇಳಿದಳು ಸಾರ್. ನೀವು ಮೂರು ಮಾತಿನಲ್ಲಿ ಮುಗಿಸಿಬಿಟ್ಟಿರಿ!"

"ಸಾರಾಂಶ ಹೇಳಿದೆನಲ್ಲ."

"ಸಾರಾಂಶ ಕೇಳೋಕೆ ನೀವು ಬೇಕಿರಲಿಲ್ಲ."

ಬೇಕರಿಯಾಕೆಗೆ ಅವರ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. "ಅಣ್ಣಾ, ಉಳಿದದ್ದು ಹೇಳ್ಲಿಲ್ವಾ?"

"ನಿನ್ನ ಮಾನ ಕಾಯೋಕೆ ಬಿಟ್ಟೆ ತಾಯಿ. ಅದನ್ನೆಲ್ಲ ಹೇಗೆ ಹೇಳ್ಲಿ? ನೀನೇ ತೋರಿಸಿದೆ ಅನ್ನೋದನ್ನ ಅವರು ತಪ್ಪು ತಿಳ್ಕೊಂಡ್ರೆ?"

ಅವಳು ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿದ್ದವು.

"ಇದನ್ನ ಮಾಡುವಾಗ ಅವರು ನಯವಾಗಿ ಮಾಡಲಿಲ್ಲ ಅಣ್ಣಾ. ನೀವ್ಯಾಕೆ ನಯ ಮಾಡ್ತೀರಿ? ನಾನೇ ತೋರಿಸಿದೆ. ಅದನ್ನ ನಾನು ಹೊತ್ಕೊಂಡು ತಿರುಗ್ತಿದೀನಿ. ನೀವು ಬಾಯಲ್ಲಿ ಹೇಳೋಕಾಗಲ್ವಾ?" ಅಷ್ಟರಲ್ಲಿ ಅವಳ ಧ್ವನಿ ಬಿದ್ದುಹೋಯಿತು. "ಇನ್ನೊಂದ್ಸಲ ನನ್ನಿಂದ ಆಗಲ್ಲ."

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾವು ಕಾಯಹೊರಟದ್ದು ಅವಳ ಮಾನವನ್ನಲ್ಲ, ಹೇಳಲು ಹೆದರಿದ ತಮ್ಮ ಎದೆಯನ್ನು ಎಂದು ಅವರಿಗೆ ಹೊಳೆಯಿತು. ಬಹಳ ನಾಚಿಕೆಯಾಯಿತು.

ಒಳಗೆ ಹೋಗಿ ಕೂತವರು ಯಾರೂ ಕೇಳುವ ಮೊದಲೇ ಯಂತ್ರದ ಕಡೆ ಬಾಗಿ ಹೇಳಿದರು: "ಈಕೆ ಹೇಳಿದ್ದನ್ನು ನಾನು ಪೂರ್ತಿ ಹೇಳಲಿಲ್ಲ. ತಪ್ಪು ನನ್ನದು. ದಾಖಲೆಯಲ್ಲಿ ಆಕೆಯ ಮಾತಿದೆ, ಬೇರೆ ದುಭಾಷಿಯಿಂದ ತಾಳೆ ನೋಡಿ. ಆಕೆಯಿಂದ ಮಾತ್ರ ಮತ್ತೆ ಹೇಳಿಸಬೇಡಿ. ಪ್ರತಿ ಮಾತೂ ನನಗೆ ನೆನಪಿದೆ."

ಲಾಯರಮ್ಮ ಮೇಷ್ಟ್ರ ಕಡೆ ತಿರುಗಿದಳು. ಇದರಿಂದ ಮೇಷ್ಟ್ರ ಕೆಲಸಕ್ಕೇ ಕುತ್ತು ಬರಬಹುದೆಂದು ಅವಳಿಗೂ ಗೊತ್ತಿತ್ತು. ಅಧಿಕಾರಿ ಕೆಳಗಿಟ್ಟಿದ್ದ ಲೇಖನಿ ಎತ್ತಿಕೊಂಡು, "ಹೇಳಿ" ಎಂದ.

"ನನ್ನ ಕೂದಲು ಹಿಡಿದರು" ಎಂದು ಮೇಷ್ಟ್ರು ಅವಳೇ ಹೇಳುವ ಹಾಗೆ ಶುರುಮಾಡಿದರು. "ನನ್ನ ಬಲಗೈಯನ್ನು ಒಲೆಯೊಳಗೆ ತುರುಕಿದರು. ಚರ್ಮ ತಟ್ಟೆಗೆ ಅಂಟಿತು." ಒಂದನ್ನೂ ಬಿಡಲಿಲ್ಲ. ಹಲಗೆ ಮುರಿದದ್ದು, ಸಲಾಕೆ, ಹಿಟ್ಟು, ರಕ್ತ. "ನಾನೇ ಕೈಯೆತ್ತಿ ಬಾಗಿಲು ತೋರಿಸಿದೆ" ಎನ್ನುವಾಗ ಉಗುಳು ನುಂಗಿದರೇ ಹೊರತು ಮಾತು ನುಂಗಲಿಲ್ಲ. ಮಗಳ ಮೇಲಿನ ಬೆದರಿಕೆಯನ್ನು ನಾಯಕ ಹೇಳಿದಷ್ಟೇ ಒರಟಾಗಿ ಹೇಳಿದರು. ಅಧಿಕಾರಿ ಬರೆಯುತ್ತಲೇ ಇದ್ದ. ಬೇಕರಿಯಾಕೆ ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೂತಿದ್ದಳು.

ಆಶ್ರಯ ಸಿಕ್ಕಿತೆಂಬ ಸುದ್ದಿ ಬಂದಾಗ ಮೇಷ್ಟ್ರು ಕೆಲಸದಿಂದ ದೂರವಿದ್ದರು. ಕಚೇರಿಯವರು ಅವರನ್ನು ಕೆಲವು ವಾರ ಮನೆಯಲ್ಲಿ ಕೂರಿಸಿ, ಲಾಯರಮ್ಮ ವಾದಿಸಿದ ಮೇಲೆ ವಾಪಸು ಕರೆದುಕೊಂಡರು.

ಮರಳಿದ ದಿನ ಎದುರಿಗೆ ಬಂದು ಕೂತವನು ಗಾರೆ ಕೆಲಸದ ಮುದುಕ. ಅವನ ಒಂದು ಕಿವಿ ಇರಲಿಲ್ಲ. ಅವನು ತಲೆ ತಗ್ಗಿಸಿ, "ಸಾಮಿ, ಹೇಳ್ಬಾರದ್ದು ಒಂದಿದೆ. ಅದನ್ನ ನೀವೇ ಸ್ವಲ್ಪ ಸರಿಮಾಡಿ ಹೇಳಿಬಿಡಿ" ಎಂದ.

ಮೇಷ್ಟ್ರು ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು.

"ನೀವು ಇದ್ದದ್ದು ಇದ್ದ ಹಾಗೆ ಹೇಳಿ ಅಣ್ಣಾ" ಎಂದರು. "ನಾನೂ ಹಾಗೇ ಹೇಳ್ತೀನಿ."