ಫ್ರಿಜ್ ಮೇಲಿನ ತಲೆನೋವಿನ ಪುಸ್ತಕ

ನನ್ನ ತಲೆನೋವಿಗೆ ಒಂದು ದೊಡ್ಡ ಕೊರತೆಯಿದೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಲು ಮುರಿದುಕೊಂಡಿದ್ದರೆ ಮೈಲಾಪೂರಿನ ನಮ್ಮ ಫ್ಲ್ಯಾಟಿನ ಮೂರು ಮಹಡಿಯವರೂ ಹಣ್ಣು ಹಿಡಿದು ನೋಡಲು ಬರುತ್ತಿದ್ದರು. ಎಡಗಣ್ಣಿನ ಹಿಂದೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದಾರೆ ಎಂದರೆ ಮಾತ್ರ, "ಓ, ತಲೆನೋವಾ? ನಂಗೂ ಮೊನ್ನೆ ಬಂದಿತ್ತು" ಎಂದು ತಮ್ಮ ಕಥೆ ಶುರು ಮಾಡುತ್ತಾರೆ. ಅವರದು ಕಾಫಿ ಕುಡಿದರೆ ಹೋಗುವ ತಲೆನೋವು. ನನ್ನದು ಬಂತೆಂದರೆ ಬೆಳಕು ಚುಚ್ಚುತ್ತದೆ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಪರದೆ ಎಳೆದುಕೊಂಡು ಅರ್ಧ ದಿನ ಕತ್ತಲಲ್ಲಿ ಬಿದ್ದಿರಬೇಕು. ತಿಂಗಳಿಗೆ ಎಂಟು ಸಲ ಹೀಗಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೆ ಮೊದಲೇ ಸಿಟ್ಟು ಜಾಸ್ತಿ.

ಮಾಡದ ಉಪಚಾರವಿಲ್ಲ. ಹಣೆಗೆ ಒಣಶುಂಠಿ ತೇದು ಹಚ್ಚಿಕೊಂಡು ಚರ್ಮ ಸುಟ್ಟುಕೊಂಡೆ. ಕೆಳಗಿನ ಮನೆಯವರು ನಿಂಬೆಹಣ್ಣು ನಿವಾಳಿಸಿದರು. ನಮ್ಮತ್ತೆ ಲೀಲಮ್ಮನವರು ರಾಯರ ಹೆಸರಿನಲ್ಲಿ ಹರಕೆ ಹೊರಿಸಿ ಗುರುವಾರ ಒಪ್ಪತ್ತು ಹಿಡಿಸಿದರು. ಹಗಲೆಲ್ಲ ಉಪವಾಸ, ರಾತ್ರಿ ಒಂದೇ ಊಟ. ಅದಕ್ಕೂ ಬಗ್ಗಲಿಲ್ಲವೆಂದು ಶನಿವಾರವನ್ನೂ ಸೇರಿಸಿದರು. ಅಕ್ಕಪಕ್ಕದವರು ನೂರೆಂಟು ಸಲಹೆ ಕೊಟ್ಟು ಹೋದರು, ನೋವು ಮಾತ್ರ ಎಲ್ಲೂ ಹೋಗಲಿಲ್ಲ.

ಕೊನೆಗೆ ನಾನೇ ಹಟ ಹಿಡಿದು ಡಾಕ್ಟರ್ ಕಲಾವತಿಯವರ ಹತ್ತಿರ ಹೋದೆ. ನನಗಿಂತ ಹತ್ತು ವರ್ಷ ಚಿಕ್ಕವರು, ನಗುವುದು ಕಡಿಮೆ. ಇದು ಮೈಗ್ರೇನ್, ನಾಟಕವಲ್ಲ ಎಂದು ನನ್ನ ಗಂಡ ಗಿರಿಧರ್ ಎದುರಿಗೇ ತಮಿಳಿನಲ್ಲಿ ಹೇಳಿದರು. ಆ ಒಂದು ಮಾತಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಒಂದು ನೋಟ್‌ಬುಕ್ ಇಡಿ, ನೋವು ಬಂದ ದಿನವೆಲ್ಲ ತಾರೀಖು ಹಾಕಿ, ಯಾವುದರಿಂದ ಬಂತು ಅನ್ನಿಸುತ್ತದೋ ಅದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ಎರಡು ತಿಂಗಳಲ್ಲಿ ಕಾರಣ ಸಿಗದಿದ್ದರೆ ದಿನಾ ಒಂದು ಮಾತ್ರೆ. ಒಳ್ಳೆಯ ಮಾತ್ರೆಯೇ, ಆದರೆ ಕೆಲವರಿಗೆ ಮಾತು ತಡವರಿಸಬಹುದು, ಬೇಕಾದ ಪದ ಬಾಯಿಗೆ ಬರದಿರಬಹುದು.

ಗಿರಿಧರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅದನ್ನ ಎಷ್ಟು ವರ್ಷ ತಗೋಬೋದು ಡಾಕ್ಟರ್?" ಎಂದು ಬಹಳ ಆಸೆಯಿಂದ ಕೇಳಿದರು.

ನನಗೆ ನಗು ಬರಲಿಲ್ಲ. ವಿಮಾ ಕಚೇರಿಯಲ್ಲಿ ದಿನವಿಡೀ ಫೋನಿನಲ್ಲಿ ಮೂರು ಭಾಷೆಗಳಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಮನೆಗೆ ಬಂದು ಮಾತಾಡುವುದು ನನ್ನ ಸುಖ. ಇರುವುದೊಂದು ಬಾಯಿ, ಅದೂ ಹೋದರೆ ನನ್ನಲ್ಲಿ ಉಳಿಯುವುದೇನು? ನಿಜಕ್ಕೂ ಹೆದರಿದೆ.

ಹೆದರಿದವಳು ಪ್ರಾಮಾಣಿಕವಾಗಿ ಬರೆಯಬೇಕಿತ್ತು. ಮೊದಲ ವಾರ ಬರೆದೆ ಕೂಡ. ಮರೆಯದಿರಲೆಂದು ಪುಸ್ತಕವನ್ನು ಫ್ರಿಜ್ ಮೇಲಿಟ್ಟಿದ್ದೆ. ಮಗಳು ಶ್ರೀಯಾ ಅದನ್ನು ತೆಗೆದು ಅಜ್ಜಿಗೆ ಓದಿ ಹೇಳಿದ್ದಾಳೆ. 'ಅಗರಬತ್ತಿ ಹೊಗೆ' ಎಂದು ಬರೆದ ಮರುದಿನ ದೇವರ ಮನೆಯಲ್ಲಿ ಅಗರಬತ್ತಿಯೇ ಇಲ್ಲ! ಯಾರೂ ವಾದ ಮಾಡಲಿಲ್ಲ, ಮುಖ ಊದಿಸಲಿಲ್ಲ. ಹದಿನೆಂಟು ವರ್ಷ ಬಾಯಿಬಿಟ್ಟು ಹೇಳಿದ್ದಕ್ಕೆ ಕವಡೆ ಕಾಸಿನ ಬೆಲೆಯಿರಲಿಲ್ಲ. ಬರೆದ ಒಂದು ಸಾಲಿಗೆ ಇಷ್ಟು ಮರ್ಯಾದೆ.

ರುಚಿ ಹತ್ತಿತು. ಮುಂದಿನ ಸಲ ತಲೆನೋವು ಬಂದಾಗ 'ಗಂಡನ ಶರ್ಟ್ ಇಸ್ತ್ರಿ ಮಾಡಿದ್ದು' ಎಂದು ಬರೆದೆ. ಗಿರಿಧರ್ ಮರುದಿನವೇ ಇಸ್ತ್ರಿ ಪೆಟ್ಟಿಗೆ ಹಿಡಿದರು. 'ಟಿವಿ ಚರ್ಚೆಯ ಕೂಗಾಟ' ಎಂದೆ, ರಾತ್ರಿ ಮನೆ ಮೌನವಾಯಿತು. 'ನಸುಕಿನಲ್ಲಿ ಅತ್ತೆಯ ಫೋನಿನಿಂದ ಭಜನೆ' ಎಂದೆ, ಲೀಲಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಎಲ್ಲ ನನ್ನಿಷ್ಟದಂತೆ ನಡೆಯುತ್ತಿತ್ತು, ತಲೆ ಒಂದನ್ನು ಬಿಟ್ಟು.

ಮನೆಯವರಿಗೂ ನನ್ನ ಮೇಲೆ ಪ್ರೀತಿ ಉಕ್ಕಿದಂತಿತ್ತು. ಭಾನುವಾರ ಟಿ. ನಗರಕ್ಕೆ ಸೀರೆ ನೋಡಲು ಹೋಗೋಣವೆಂದರೆ ಗಿರಿಧರ್, "ಬೇಡ ಸುಮತಿ, ಆ ರಷ್ಷು ನಿನ್ ತಲೆಗೆ ಆಗಲ್ಲ" ಎಂದರು. ಇಷ್ಟು ಕಾಳಜಿಯೇ ಎಂದು ಕಣ್ಣು ತುಂಬಿ ಬಂತು. ವಾರಕ್ಕೊಮ್ಮೆ ತಪ್ಪದ ಹಾಗಲಕಾಯಿ ಗೊಜ್ಜನ್ನು ಅತ್ತೆ ನಿಲ್ಲಿಸಿದ್ದನ್ನೂ ಕರುಣೆಯೆಂದೇ ತಿಳಿದೆ.

ಎರಡು ತಿಂಗಳು ಮುಗಿದ ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಮನೆ ಮಂದಿಯೆಲ್ಲ ಹೊರಟೆವು. ತಮ್ಮ ಅಗರಬತ್ತಿ ನಿಲ್ಲಿಸಿದ ಡಾಕ್ಟರನ್ನು ಕಣ್ಣಾರೆ ನೋಡಬೇಕೆಂದು ಲೀಲಮ್ಮನೂ ಬಂದರು. ನೋವು ತಿಂಗಳಿಗೆ ಎಂಟು ಸಲದಿಂದ ಒಂಬತ್ತಕ್ಕೆ ಏರಿತ್ತು. ಅಲ್ಲಿ ಕೂತಿದ್ದಾಗಲೇ ಕಣ್ಣಿನ ಹಿಂದೆ ಮಿಡಿಯತೊಡಗಿತು.

ಡಾಕ್ಟರ್ ಹಾಳೆ ತಿರುವಿದರು. "ಹಾಗಲಕಾಯಿ? ಇದು ಯಾರ ಅಕ್ಷರ?"

ನಾನು ಅದನ್ನು ಬರೆದಿರಲಿಲ್ಲ, ಹಿಂದಿನ ಹಾಳೆಗಳನ್ನು ಮತ್ತೆ ತಿರುವಿ ನೋಡಿರಲೂ ಇಲ್ಲ. ಶ್ರೀಯಾ ತಲೆಯೆತ್ತಿ ಫ್ಯಾನ್ ನೋಡಿದಳು. "ಸಾರಿಮ್ಮಾ. ಪಾವಕ್ಕಾಯ್ ಎನಕ್ಕು ಪಿಡಿಕ್ಕಾದು" ಎಂದು, ಹಾಗಲಕಾಯಿ ತನಗೆ ಸೇರದೆಂದು ತಮಿಳಿನಲ್ಲಿ ಒಪ್ಪಿಕೊಂಡಳು.

"'ಟಿ. ನಗರದಲ್ಲಿ ಸೀರೆ ಅಂಗಡಿ'. ಇದು ಇನ್ನೊಬ್ಬರ ಅಕ್ಷರ."

ರೈಲ್ವೆ ಕಚೇರಿಯ ಫೈಲುಗಳಲ್ಲಿ ಮಾತ್ರ ಕಾಣುವ ಆ ಗುಂಡಗಿನ ಅಕ್ಷರ ಯಾರದೆಂದು ನಾನು ಕೇಳಬೇಕಾಗಿರಲಿಲ್ಲ. ಗಿರಿಧರ್ ಕೆಮ್ಮಿದರು.

"ಇದು ಯಾವ ಭಾಷೆ?"

ಅದು ಕನ್ನಡ. 'ರಾತ್ರಿ ಹನ್ನೊಂದರ ತನಕ ಮೊಬೈಲು ನೋಡುತ್ತಾಳೆ' ಎಂದು ದಪ್ಪಕ್ಷರದಲ್ಲಿತ್ತು. "ಅದೊಂದು ಸುಳ್ಳಲ್ಲ" ಎಂದರು ಲೀಲಮ್ಮ, ಒಂದಿಷ್ಟೂ ಅಳುಕದೆ.

ಡಾಕ್ಟರ್ ಪುಸ್ತಕ ಮುಚ್ಚಿದರು. "ಇದನ್ನು ನೋಡಿ ನಿಮ್ಮ ಸಂಸಾರಕ್ಕೆ ಔಷಧಿ ಕೊಡಬಹುದಮ್ಮಾ, ತಲೆಗೆ ಕೊಡೋಕಾಗಲ್ಲ" ಎಂದು ಚೀಟಿ ಎಳೆದುಕೊಂಡು ಆ ಮಾತ್ರೆಯ ಹೆಸರು ಬರೆಯತೊಡಗಿದರು.

"ಡಾಕ್ಟರ್, ಹತ್ತು ನಿಮಿಷ ಕೊಡಿ. ಅರ್ಧಕ್ಕರ್ಧ ಸುಳ್ಳು ನಂದೇ" ಎಂದುಬಿಟ್ಟೆ. ನಾಚಿಕೆಗಿಂತ ಭಯ ದೊಡ್ಡದಾಗಿತ್ತು.

"ಇಸ್ತ್ರೀನೂ ಸುಳ್ಳಾ?" ಎಂದರು ಗಿರಿಧರ್.

"ಇಸ್ತ್ರಿನೇ ಮೊದ್ಲು ರೀ."

ಹೊರಗಿನ ಬೆಂಚಿನಲ್ಲಿ ನಾಲ್ವರೂ ಕೂತು, ಒಂದೇ ಪೆನ್ನಿನಿಂದ ನಮ್ಮ ನಮ್ಮ ಸುಳ್ಳು ಹೊಡೆದು ಹಾಕಿದೆವು. ಅತ್ತೆ ಮೊಬೈಲಿನ ಸಾಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ಭಜನೆ ಸುಳ್ಳೆಂದು ಗೊತ್ತಾದಾಗ ನನ್ನನ್ನು ಒಂದು ಸಲ ನೋಡಿದರು, ಅಷ್ಟೇ. ಆ ನೋಟ ಬೈಗುಳಕ್ಕಿಂತ ಕಷ್ಟವಾಯಿತು. ಕೊನೆಗೆ ಒಂದೆರಡು ಬಿಟ್ಟು ಕಾರಣಗಳೆಲ್ಲ ಹೋಗಿ ಬರೀ ತಾರೀಖುಗಳು ಉಳಿದವು.

ಡಾಕ್ಟರ್ ಆ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ನೋಡಿದರು. "ಗುರುವಾರ. ಶನಿವಾರ. ಗುರುವಾರ. ಇದೊಂದು ಮಂಗಳವಾರ ಯಾಕೆ?"

ಲೀಲಮ್ಮ ಬಗ್ಗಿ ನೋಡಿದರು. "ಅದು ಏಕಾದಶಿ."

"ಆ ದಿನಗಳಲ್ಲಿ ಏನು ಮಾಡ್ತೀರಿ? ಇವತ್ತೂ ಶನಿವಾರ. ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ. ಒಪ್ಪತ್ತು."

"ಕಾಫಿ?"

"ಅದೂ ಇಲ್ಲ."

"ಯಾಕೆ?"

"ತಲೆನೋವು ಹೋಗ್ಲಿ ಅಂತ ಹರಕೆ" ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಸಣ್ಣಗಾಯಿತು.

ನಗದ ಡಾಕ್ಟರ್ ಅವತ್ತು ನಕ್ಕರು. ನಾನು ಕಣ್ಣೊತ್ತಿಕೊಂಡದ್ದು ಕಂಡ ಕೂಡಲೇ ನಗು ನಿಲ್ಲಿಸಿ ಟೀ, ಬಿಸ್ಕತ್ತು ತರಿಸಿದರು. ಕೆಲವರಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಮೈಗ್ರೇನ್ ಕೆರಳುತ್ತದೆ, ಒಂದು ತಿಂಗಳು ಒಂದು ಹೊತ್ತೂ ತಪ್ಪಿಸಬೇಡಿ, ಮಾತ್ರೆಯ ಮಾತು ಆಮೇಲೆ ಎಂದು ಹೇಳಿ, ಮೊದಲು ಬರೆದಿದ್ದ ಚೀಟಿಯನ್ನು ಹರಿದರು.

ಹರಕೆ ಹೊರಿಸಿದವರು ಅತ್ತೆ, ಅವರು ಬೇಡವೆನ್ನದೆ ನಾನು ಬಿಡುವಂತಿರಲಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಅಂಜುತ್ತಲೇ ಅಡುಗೆಮನೆಗೆ ಹೋದರೆ ಕಾವಲಿ ಕಾಯುತ್ತಿತ್ತು. ನನ್ನ ಮುಂದೆ ತಟ್ಟೆ ಇಟ್ಟು ಬಿಸಿ ದೋಸೆ ಹಾಕಿದರು. "ತಿನ್ನು. ರಾಯರ ಹತ್ರ ನಾ ಮಾತಾಡ್ಕೊಂಡಿದೀನಿ."

ತಿಂದೆ. ಅವರು ತಾವು ಉಪವಾಸವಿದ್ದು, ನಾನು ತಿನ್ನುವುದನ್ನೇ ನೋಡುತ್ತಾ ನಿಂತರು. ಶನಿವಾರ, ಏಕಾದಶಿಗಳಂದೂ ಹಾಗೇ ಆಯಿತು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಒಂಬತ್ತರ ಜಾಗದಲ್ಲಿ ಎರಡೇ ಸಲ ನೋವು. ಮಾತ್ರೆ ಬೇಕಿಲ್ಲವೆಂದರು ಡಾಕ್ಟರ್. ಗಿರಿಧರ್ ತುಂಬಾ ಸಂತೋಷಪಟ್ಟರು, ಆದರೂ ಒಂದು ನಿಟ್ಟುಸಿರು ನನ್ನ ಕಿವಿಗೆ ಬಿತ್ತು.

ಐದನೆಯ ಗುರುವಾರ ಅತ್ತೆ ನನಗೆ ದೋಸೆ ಹಾಕಿ ಎದುರಿಗೆ ಕೂತರು.

"ಸುಮತಿ, ನಿಜವಾಗ್ಲೂ ತಿಂದ್ರೆ ಬರಲ್ವಾ?"

"ಬರ್ತಾ ಇಲ್ಲ ಅತ್ತೆ. ನೋಡ್ತಾ ಇದೀರಲ್ಲ."

ಅವರು ಮೇಜಿನ ಅಂಚನ್ನು ಸವರುತ್ತಾ ಹೇಳಿದರು, "ನಂಗೂ ಬರ್ತಿತ್ತು ಕಣೇ. ಮದುವೆಯಾದಾಗಿಂದ. ಹೀಗೇ ಎಡಗಡೆ. ಕತ್ತಲಲ್ಲಿ ಬಿದ್ಕೊಂಡಿದ್ರೆ ನಮ್ಮತ್ತೆ, ಸೊಸೆ ಧ್ಯಾನ ಮಾಡ್ತಿದಾಳೆ ಅಂತ ಬಂದೋರಿಗೆಲ್ಲ ಹೇಳ್ತಿದ್ರು. ಈಗ್ಲೂ ಒಂದೊಂದ್ಸಲ ಬರತ್ತೆ."

"ಯಾಕೆ ಹೇಳ್ಲಿಲ್ಲ?"

"ನನ್ ಭಕ್ತಿ ಸಾಲದು, ಅದಕ್ಕೇ ಹೋಗ್ತಿಲ್ಲ ಅಂದ್ಕೊಂಡೆ. ನಿಂದಾದ್ರೂ ಗಟ್ಟಿ ಇರ್ಲಿ ಅಂತ ನಿಂಗೆ ವಾರಕ್ಕೆ ಎರಡು ದಿನ ಒಪ್ಪತ್ತು ಹೇಳ್ದೆ."

ನನಗೆ ಸಿಟ್ಟು ಬಂತು. ಈ ಸಲ ಅವರ ಮೇಲಲ್ಲ. ಐವತ್ತು ವರ್ಷ ಒಬ್ಬರಾದರೂ ಇವರನ್ನು ಏನು ತಿಂದೆ ಎಂದು ಕೇಳಲಿಲ್ಲ. ಹದಿನೆಂಟು ವರ್ಷ ಜೊತೆಗಿದ್ದ ನಾನೂ ಕೇಳಲಿಲ್ಲ. ಎದ್ದು ಕಾವಲಿಯ ಮೇಲೆ ಹಿಟ್ಟು ಹುಯ್ದು, ದೋಸೆಯನ್ನು ಅವರ ಮುಂದೆ ಇಟ್ಟೆ.

ಲೀಲಮ್ಮ ಗೋಡೆಯ ಮೇಲಿನ ರಾಯರ ಪಟವನ್ನು ನೋಡಿದರು. ದೋಸೆಯನ್ನು ನೋಡಿದರು. ಆಮೇಲೆ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ, ಪಟಕ್ಕೆ ಬೆನ್ನು ಹಾಕಿ ಕೂತು, ಮೊದಲ ತುತ್ತು ಮುರಿದರು.

"ಏನ್ ನೋಡ್ತೀಯ?" ಎಂದರು ಬಾಯಿ ತುಂಬಿಕೊಂಡು. "ಚಟ್ನಿ ಹಾಕು."