ಕಡೆಗೆ ಬರೆಯುವ ಕಣ್ಣು

ಆ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ನಾನು ಊದುಗೊಳವೆ ಎಂದೇ ಕರೆದೆ, ಇವತ್ತಿಗೂ ಹಾಗೇ ಕರೆಯುತ್ತೇನೆ. ಒಲೆ ಊದುವ ಹೆಂಗಸರು ನಕ್ಕರೆ ನಗಲಿ. ಪೆನ್ನಿನಷ್ಟು ಗಾತ್ರದ ಹಿತ್ತಾಳೆ ಕೊಳವೆ, ಅದರ ನೆತ್ತಿಯ ಮೇಲೊಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ನೀರುಬಣ್ಣ. ಕಾಲಲ್ಲಿ ಪಂಪು ತುಳಿದು ಕಬ್ಬಿಣದ ಡಬ್ಬಿಗೆ ಗಾಳಿ ತುಂಬಬೇಕು. ಆ ಗಾಳಿ ರಬ್ಬರ್ ನಳಿಕೆಯಲ್ಲಿ ಹರಿದು ಬರುತ್ತದೆ. ಬೆರಳಲ್ಲಿ ಗುಂಡಿ ಒತ್ತಿದರೆ ಬಣ್ಣ ಮಂಜಿನ ಹಾಗೆ ಕಾಗದದ ಮೇಲೆ ಕೂರುತ್ತದೆ, ಜಾಸ್ತಿ ಒತ್ತಿದರೆ ಉಗುಳುತ್ತದೆ. ಮೊದಲ ತಿಂಗಳೆಲ್ಲ ಅದು ನನ್ನ ಮೇಲೆ ಉಗುಳಿದ್ದೇ ಹೆಚ್ಚು.

ನಾನು ಮಲಪನಗುಡಿಯ ಚಿತ್ರಗಾರ ಜಡೆಪ್ಪ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹಂಪಿಯಿಂದ ಸಂಡೂರಿನವರೆಗೆ ದೇವರ ಮುಖಕ್ಕೆ ಬಣ್ಣ ಹಾಕಿ ಬದುಕಿದವರು. ನನ್ನ ಕಾಲಕ್ಕೆ ಮದರಾಸಿನಿಂದ ಅಚ್ಚಿನ ಪಟಗಳು ಬಂದವು. ಹೊಸಪೇಟೆಯ ಅಂಗಡಿ ಅಂಗಡಿಯಲ್ಲೂ ಲಕ್ಷ್ಮಿ ನೇತಾಡತೊಡಗಿದಳು, ನನ್ನ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ನಲವತ್ತೇಳನೇ ವಯಸ್ಸಿನಲ್ಲಿ, ನನಗಿಂತ ಹದಿನೈದು ವರ್ಷ ಚಿಕ್ಕವನಾದ ಹಾಲಸ್ವಾಮಿಯ ಫೋಟೋ ಸ್ಟುಡಿಯೋದಲ್ಲಿ ಶಿಷ್ಯನಾಗಿ ಸೇರಿದೆ.

ಹೆಂಡತಿ ಮಕ್ಕಳು ಇಲ್ಲ. ಯಾಕೆಂದು ಕೇಳಿದವರಿಗೆಲ್ಲ ಬೈದಿದ್ದೇನೆ, ನಿಮಗಾದರೆ ಹೇಳುತ್ತೇನೆ. ಮೂರನೇ ವರ್ಷಕ್ಕೆ ಸಿಡುಬು ಬಂದು ಮುಖವೆಲ್ಲ ತೂತು ಬಿತ್ತು, ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು. ನನ್ನ ಜೊತೆ ಮಾತಾಡುವವರು ನನ್ನ ಹೆಗಲನ್ನೋ ಹಿಂದಿನ ಗೋಡೆಯನ್ನೋ ನೋಡುತ್ತಾರೆ. ನನಗೂ ರೂಢಿಯಾಗಿತ್ತು. ರೂಢಿಯಾಗಿತ್ತು ಅಂದೆನಲ್ಲ, ಅದು ಸುಳ್ಳು.

ಹಾಲಸ್ವಾಮಿ ಮೂರು ತಿಂಗಳು ಊದುಗೊಳವೆ ಮುಟ್ಟಲು ಬಿಡಲಿಲ್ಲ. ಇದ್ದಿಲು ಕೊಟ್ಟು ಮಡಕೆ ಬರೆ ಎಂದ. ನಾನು ಒಂದೇ ಉಸಿರಿಗೆ ಗೆರೆ ಎಳೆದು ಮಡಕೆ ಬರೆದೆ. ನಮ್ಮ ಮನೆತನದ ಗೆರೆ ಅದು, ಎಲ್ಲೂ ನಡುಗುವುದಿಲ್ಲ. ಅವನು ಬಟ್ಟೆಯಿಂದ ಅದನ್ನು ಒರೆಸಿಬಿಟ್ಟ.

"ಅಣ್ಣಾರ, ಮಡಿಕಿಗೆ ಗೆರಿ ಎಲ್ಲೈತಿ? ಬೆಳಕು ಐತಿ, ನೆಳ್ಳು ಐತಿ. ಅವೆರಡನ್ನ ಬರೀರಿ ಸಾಕು."

"ಗೆರಿ ಇಲ್ದ ಚಿತ್ರ ಅಂದ್ರ ಎಲುಬಿಲ್ದ ಮನಿಷಾ ಇದ್ದಂಗ" ಎಂದು ನಾನು ಜಗಳಕ್ಕೆ ಬಿದ್ದೆ.

"ನಿಮ್ಮ ಮಾರಿ ಮ್ಯಾಲ ಗೆರಿ ಎಲ್ಲೈತಿ ತೋರಸ್ರಿ" ಎಂದ, ಗೋಡೆಯನ್ನು ನೋಡುತ್ತ.

ಅವನು ಹೇಳಿದ್ದೇ ನಿಜವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮಡಕೆ, ಬದನೆಕಾಯಿ, ಕೋಳಿಮೊಟ್ಟೆ ಬರೆದೂ ಬರೆದೂ ಕಡೆಗೆ ನೆರಳು ನನ್ನ ಕೈಗೆ ಬಂತು. ಆಮೇಲೆ ತೆಳು ಕಾಗದ ಕತ್ತರಿಸಿ ಬೇಡವಾದ ಜಾಗ ಮರೆಮಾಡಿ, ತೆಳುವಿನಿಂದ ಗಾಢಕ್ಕೆ ಪದರ ಪದರವಾಗಿ ಬಣ್ಣ ಊದಲು ಕಲಿತೆ.

ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸದವರ ಮನೆಯವರು ಆಗ ಹಾಲಸ್ವಾಮಿಯನ್ನು ಕರೆಸುತ್ತಿದ್ದರು. ಅವನು ಕೂತ ಹೆಣದ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡುತ್ತಿದ್ದ. ಬಿಳಿಚಿದ ಕೆನ್ನೆಗೆ ರಕ್ತ ತರುವುದು, ಮುಚ್ಚಿದ ಕಣ್ಣು ತೆರೆಸುವುದು ಊದುಗೊಳವೆಯ ಕೆಲಸ. ನಾನು ತೆರೆಸಿದ ಮೊದಲ ಕಣ್ಣು ನೋಡಿ ಅವನು ತಲೆ ಚಚ್ಚಿಕೊಂಡ.

"ಇದು ದೇವಿ ಕಣ್ಣಾತು. ಈ ಮುದುಕ ಮೀನುಗಣ್ಣು ಬಿಟ್ಕೊಂಡು ಕುಂತಾನ. ಮನ್ಯಾಗ ಯಾರನ್ನಾರ ಎದುರಿಗೆ ಕುಂದ್ರಿಸಿ ಕಲೀರಿ."

"ಮನ್ಯಾಗ ಯಾರದಾರ?"

"ಕನ್ನಡಿ ಐತಲ್ಲ" ಎಂದ.

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಜಗುಲಿಯಲ್ಲಿ ಕನ್ನಡಿ ಇಟ್ಟುಕೊಂಡು ಕಣ್ಣು ಬರೆದೆ. ನೂರಕ್ಕೂ ಹೆಚ್ಚು ಜೋಡಿ. ಬಾವಿಗೆ ಹೋಗುವ ಹೆಂಗಸರು, "ಜಡೆಪ್ಪಗ ಈಗ ಮದುವಿ ಆಸಿ ಬಂದೈತಿ" ಎಂದು ಕಿಸಕ್ಕನೆ ನಗುತ್ತಿದ್ದರು. ಅವರಿಗೂ ಬೈದೆ.

ಆ ಹೊತ್ತಿಗೆ ಕಂಪ್ಲಿಯ ಸುವರ್ಣಮ್ಮನ ಕೆಲಸ ಬಂತು. ಅಕ್ಕಿ ಅಂಗಡಿ ನಡೆಸುವ ವಿಧವೆ. ಒಬ್ಬಳೇ ಮಗಳು ಕೊಟ್ರಬಸಮ್ಮ, ಹತ್ತೊಂಬತ್ತು ವರ್ಷದವಳು, ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅವಳದೆಂದು ಇದ್ದದ್ದು ಕಣ್ಣು ಮುಚ್ಚಿ ಕೂತ ಆ ಒಂದೇ ಫೋಟೋ. ದೊಡ್ಡ ಪ್ರತಿ ಒಂದು ಮಾಡಿದ ಮೇಲೆ ಅದರ ಗಾಜಿನ ನೆಗೆಟಿವ್ ಹಾಲಸ್ವಾಮಿಯ ಕೈಜಾರಿ ಒಡೆದು ಹೋಯಿತು. ಕಾಗದದ ಮೇಲಿನ ಬಣ್ಣವನ್ನು ಒದ್ದೆ ಅರಳೆಯಿಂದ ಒಂದು ಸಲ ಒರೆಸಬಹುದು, ಎರಡನೇ ಸಲಕ್ಕೆ ಕಾಗದದ ಚರ್ಮವೇ ಎದ್ದು ಬರುತ್ತದೆ. ಅದು ಕೆಟ್ಟರೆ ಆ ಹುಡುಗಿಯ ಮುಖ ಈ ಲೋಕದಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಕಸುಬಿನಲ್ಲಿ ಕಣ್ಣು ಕಡೆಗೆ. ಅವತ್ತು ಸ್ನಾನ, ಉಪವಾಸ. ದೇವರ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತೇವೆ. ಸತ್ತ ಹುಡುಗಿ ದೇವರಲ್ಲ, ಆದರೂ ಅಪ್ಪ ಕಲಿಸಿದ್ದು ಬಿಡಲಾಗಲಿಲ್ಲ. ಉಪವಾಸವಿದ್ದು, ಮಗ್ಗುಲಿಗೆ ಕನ್ನಡಿ ಇಟ್ಟು ಊದುಗೊಳವೆ ಹಿಡಿದೆ. ನಾಲ್ಕು ತಿಂಗಳು ಕನ್ನಡಿಯಲ್ಲಿ ಕಲಿತ ಕೈ ಎಲ್ಲಿಗೆ ಹೋದೀತು? ಮುಗಿಸಿದಾಗ ಚಿತ್ರ ನೋಡುತ್ತಿತ್ತು, ನಿಜವಾಗಿಯೂ ನೋಡುತ್ತಿತ್ತು! ಹಾಲಸ್ವಾಮಿ, "ಭೇಷ್, ಈಗ ಕಲತ್ರಿ" ಎಂದು ಬೆನ್ನು ತಟ್ಟಿದ. ನನಗೆ ಅಳುವಷ್ಟು ಸಂತೋಷವಾಯಿತು.

ಮರುದಿನ ಸುವರ್ಣಮ್ಮ ಬೆಳಗಿನ ಬಸ್ಸಿಗೆ ಬಂದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ಇವು ಯಾರ ಕಣ್ಣು?"

"ನಿಮ್ಮ ಮಗಳವು, ಅಮ್ಮಾರ" ಎಂದೆ.

"ನನ್ನ ಮಗಳನ್ನ ಹೆತ್ತಾಕಿ ನಾನು. ನನಗ ಹೇಳಬ್ಯಾಡ್ರಿ."

ನನಗೆ ಮೂಗಿನ ತುದಿಗೇ ಕೋಪ. "ಕಣ್ಣು ಮುಚ್ಚಿದ ಮ್ಯಾಲ ಫೋಟೋ ತೆಗಿಸಿ ಕಣ್ಣು ಯಾರವು ಅಂದ್ರ? ಸತ್ತೋರ ಕಣ್ಣು ನಾ ಎಲ್ಲಿಂದ ತರ್ಲಿ?"

ಆಕೆ ತಿರುಗಿ ನನ್ನನ್ನು ನೋಡಿದಳು. ಹೆಗಲನ್ನಲ್ಲ, ಗೋಡೆಯನ್ನಲ್ಲ, ಮುಖವನ್ನು.

"ನಿಮ್ಮವು" ಎಂದಳು. "ಬೇಕಾರ ನೋಡ್ಕೋರಿ."

ಹಾಲಸ್ವಾಮಿ ಒಮ್ಮೆ ಚಿತ್ರ ನೋಡಿದ, ಒಮ್ಮೆ ನನ್ನನ್ನು ನೋಡಿದ. ಒಂದೂವರೆ ವರ್ಷದಲ್ಲಿ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಆ ಹುಡುಗಿಯ ಒಂದು ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತ್ತು. ನೂರು ಸಲ ಬರೆದು ಬರೆದು, ಕಣ್ಣೆಂದರೆ ಹಾಗೇ ಇರುತ್ತದೆಂದು ನನ್ನ ಕೈ ನಂಬಿಬಿಟ್ಟಿತ್ತು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ನನ್ನ ಮಗಳು ಹಿಂಗ ಯಾವತ್ತೂ ನೋಡಿಲ್ರಿ. ಇವು ಯಾರೂ ಇಲ್ದೋರ ಕಣ್ಣು" ಎಂದಳು ಸುವರ್ಣಮ್ಮ. "ಆಕಿಗೆ ನಾನಿದ್ದೆ."

ಆಕೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಒರಸ್ರಿ. ತಾಯಿ ಕಣ್ಣ ಮಗಳಿಗೆ ಬಂದಾವ ಅಂತ ಕಂಪ್ಲ್ಯಾಗ ಎಲ್ಲಾರೂ ಅಂತಿದ್ರು. ನನ್ನ ನೋಡಿ ಬರೀರಿ."

ಒದ್ದೆ ಅರಳೆಯಿಂದ ನನ್ನ ಕಣ್ಣುಗಳನ್ನು ಒರೆಸಿ ತೆಗೆದೆ. ಅರಳೆ ಕಪ್ಪಾಯಿತು, ಕೆಳಗೆ ಮತ್ತೆ ಮುಚ್ಚಿದ ರೆಪ್ಪೆಗಳು ಕಂಡವು. ಇನ್ನೊಂದು ಸಲ ತಪ್ಪುವ ಹಾಗಿಲ್ಲ. ಆದರೆ ಎದುರಿಗಿದ್ದದ್ದು ಅತ್ತೂ ಅತ್ತೂ ಬಾತ ಕಣ್ಣು. ಇದನ್ನೇ ಬರೆದರೆ ಆ ಹುಡುಗಿ ಗೋಡೆಯ ಮೇಲೆ ಕೂತು ಜನ್ಮಪೂರ್ತಿ ಅಳುತ್ತಾಳೆ.

"ಅಮ್ಮಾರ, ಅಳಬ್ಯಾಡ್ರಿ."

"ಬ್ಯಾಡ ಅಂದ್ರ ನಿಲ್ತಾವೇನು? ನೀವ ಏನಾರ ಮಾತಾಡ್ರಿ."

"ನನಗ ಮಾತು ಬರಂಗಿಲ್ಲ."

"ಬೈಯಾಕಷ್ಟ ಬರ್ತೈತೇನು? ಹೋಗ್ಲಿ, ಮುಂಜಾನಿ ಏನು ಉಂಡ್ರಿ?"

"ರೊಟ್ಟಿ."

"ಯಾರು ಬಡಿತಾರ?"

"ನಾನ. ಮೂರು ಬಡಿದ್ರ ಎರಡು ಹೊತ್ತಿ ಕರ್ರಗ ಆಗ್ತಾವ."

"ಹೊತ್ತಿದ್ದನ್ನ ಏನು ಮಾಡ್ತೀರಿ?"

"ತಿಂತೀನಿ. ಮತ್ತ ಯಾರಿಗೆ ಕೊಡ್ಲಿ?"

ಆಕೆ ನನ್ನನ್ನೇ ನೋಡಿದಳು. ಕಣ್ಣಿನ ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. "ಅಯ್ಯ ನನ್ನಪ್ಪ! ದೇವ್ರ ಮಾರಿಗೆ ಬಣ್ಣ ಹಚ್ಚೋ ಕೈಗೆ ಒಂದು ರೊಟ್ಟಿ ಸುಡಾಕ ಬರಂಗಿಲ್ಲಾ? ಇವತ್ತೂ ಎರಡು ಹೊತ್ತಿದ್ವೇನು?"

ಅರ್ಧ ಗದರಿಕೆ, ಅರ್ಧ ಅಂತಃಕರಣ. ಆ ನೋಟ ಮುಪ್ಪಿನದಲ್ಲ, ದುಃಖದ್ದೂ ಅಲ್ಲ.

"ಹಂಗ ಇರ್ರಿ!" ಎಂದು ಕೂಗಿ ಪಂಪು ತುಳಿದೆ. ಮೊದಲು ಕಂಡೂ ಕಾಣದಷ್ಟು ತೆಳುವಾಗಿ ಊದಿದೆ. ಒಣಗಿದ ಮೇಲೆ ಇನ್ನೊಂದು ಪದರ, ಅದರ ಮೇಲೆ ಇನ್ನೊಂದು. ಕಡೆಗೆ ಊದುಗೊಳವೆ ಪಕ್ಕಕ್ಕಿಟ್ಟು, ಅಪ್ಪನ ಅಳಿಲುಕೂದಲ ಕುಂಚದಿಂದ ಎರಡು ಬಿಳಿ ಚುಕ್ಕೆ ಇಟ್ಟೆ. ಕನ್ನಡಿಯ ಮುಖ ಗೋಡೆಗೆ ತಿರುಗಿಸಿಟ್ಟಿದ್ದೆ.

ಸುವರ್ಣಮ್ಮ ಚಿತ್ರದ ಹತ್ತಿರ ಬಂದು ನಿಂತಳು. "ಬಂದಿಯೇನವ್ವಾ" ಎಂದಳು, ಅಷ್ಟೇ. ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಸ್ಸಿಗೆ ಹೊರಟಳು. ಹೊಸ್ತಿಲಲ್ಲಿ ತಿರುಗಿ, "ಉರಿ ಸಣ್ಣದು ಮಾಡ್ರಿ, ಹೊತ್ತಂಗಿಲ್ಲ" ಎಂದಳು.

ಆಮೇಲೆ ಕೆಲಸ ಬೇಕಾದಷ್ಟು ಬಂತು. ಸಂಡೂರು, ಗಂಗಾವತಿ, ಬಳ್ಳಾರಿ. ಹೆಸರೂ ಆಯಿತು. ಆದರೆ ಸಂಜೆ ಮಲಪನಗುಡಿಗೆ ಬಂದು ಒಲೆ ಹಚ್ಚಿದರೆ ಅದೊಂದೇ ನೆನಪು. ಆ ನೋಟ ಮಗಳದೆಂದು ಕಂಪ್ಲಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ. ಅದು ನನ್ನ ಕಡೆ ನೋಡಿದ ನೋಟವೆಂದು ಯಾರಿಗೆ ಹೇಳಲಿ? ನನ್ನ ಜೀವಮಾನದಲ್ಲಿ ಒಬ್ಬರು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ, ಅದನ್ನು ನನ್ನ ಕೈಯಾರೆ ಬರೆದು ಇನ್ನೊಬ್ಬರ ಮನೆಗೆ ಕಳಿಸಿದ್ದೆ.

ಆರು ತಿಂಗಳು ತಡೆದೆ. ಆಮೇಲೆ ಅರಳೆಯ ಪೊಟ್ಟಣವೊಂದನ್ನು ಕೈಯಲ್ಲಿ ಹಿಡಿದು ಕಂಪ್ಲಿಗೆ ಹೋದೆ. ಬಾಗಿಲು ತೆರೆದ ಸುವರ್ಣಮ್ಮನಿಗೆ, "ಚಿತ್ರದ ಮ್ಯಾಲ ಧೂಳು ಕುಂತಿದ್ರ ಒರೆಸಿಕೊಟ್ಟು ಹೋಗ್ತೀನಿ" ಎಂದೆ.

"ಧೂಳಿಲ್ರಿ. ದಿನಾ ನಾನ ಒರಸ್ತೀನಿ."

ನಾನು ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದೆ. ಆಕೆ ನನ್ನ ಮುಖ ನೋಡಿದಳು, ಗೋಡೆಯ ಮೇಲಿನ ಮಗಳನ್ನು ನೋಡಿದಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಬರ್ರಿ ಅಣ್ಣಾರ, ಕುಂದ್ರಿ. ಬಿಸಿ ರೊಟ್ಟಿ ಬಡಿತೀನಿ" ಎಂದು ಒಳಗೆ ಹೋದಳು.

ನಾನು ಕೂರಲಿಲ್ಲ. ಚಿತ್ರದ ಮುಂದೆ ಹೋಗಿ ನಿಂತೆ. ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಕೊಟ್ರಬಸಮ್ಮ ಕಣ್ಣಿನ ಕೊನೆ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು.

"ಹೂಂ, ಇವತ್ತೂ ಎರಡು ಹೊತ್ತಿದ್ವು" ಎಂದೆ.