ಎಮ್ಮೆ ತಿಂದ ಹತ್ತಿಕಾಳು

ಎದುರು ಮನೆಯ ನೇತ್ರಾ ಹಾಲಿನ ಪ್ಯಾಕೆಟ್ಟನ್ನು ಕೋರ್ಟಿನ ಕಾಗದದ ಹಾಗೆ ಓದುತ್ತಿದ್ದಳು. ಕೊಬ್ಬು ಎಷ್ಟು, ತಾರೀಖು ಯಾವುದು, ಎಲ್ಲಿ ತುಂಬಿದ್ದು, ಎಲ್ಲವೂ ಅದರ ಮೇಲಿರುತ್ತಿತ್ತು. ಅವಳಿಗೆ ಬೇಕಾದ ಒಂದು ಸಂಗತಿ ಮಾತ್ರ ಇರುತ್ತಿರಲಿಲ್ಲ. ಆ ಹಾಲು ಕೊಟ್ಟ ಎಮ್ಮೆ ಏನು ತಿಂದಿತ್ತು?

ಇದು ಡೊಂಬಿವಲಿಯಲ್ಲಿ ೨೦೧೩ರ ಮಾತು. ನೇತ್ರಾಳದು ಅಣ್ಣಿಗೇರಿ ಕಡೆಯ ಊರು. ಗಂಡ ರಾಜಶೇಖರ ಠಾಣೆ ಶಹರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ನಾನು ನಳಿನಾಕ್ಷಿ, ಮಂಗಳೂರು ಕಡೆಯವಳು, ಈ ಬಿಲ್ಡಿಂಗಿನಲ್ಲೇ ಕೂದಲು ಹಣ್ಣಾದವಳು. ಎರಡು ಮನೆಯ ಬಾಗಿಲೂ ಹಗಲಿಡೀ ತೆರೆದೇ ಇರುತ್ತಿದ್ದವು.

ಅವಳಿಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಕೆಲವೊಮ್ಮೆ ಹೀಗಾಗುತ್ತದೆ, ಕಾರಣ ಇರುವುದಿಲ್ಲ ಎಂದರು ಡಾಕ್ಟರು. ಕಾರಣವೇ ಇಲ್ಲ ಎಂಬ ಮಾತನ್ನು ಕಟ್ಟಿಕೊಂಡು ಯಾವ ಹೆಂಗಸು ನಿದ್ದೆ ಮಾಡಿಯಾಳು? ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಇವಳಿಗೆ ಕಂಪ್ಯೂಟರಿನಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿತು. ಕಾಯಿಕೊರಕ ಹುಳ ತಿಂದರೆ ಸಾಯುವಂತೆ ಬೀಜದ ಗುಣವನ್ನೇ ಬದಲಿಸಿದ ಬಿಟಿ ಹತ್ತಿ. ಅದರ ಕಾಳು, ಹಿಂಡಿ ದನಗಳಿಗೆ. ಆ ದನದ ಹಾಲು, ಬೆಣ್ಣೆ, ಪನೀರು ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಕಪಾಟಿಗೆ.

"ಹುಳಾ ಸಾಯ್ತದಂದ್ರ ಹೊಟ್ಟ್ಯಾಗಿನ ಕೂಸು ಉಳೀತದೇನ್ರಿ ಆಂಟಿ?" ಎಂದು ಕೇಳಿದಳು.

"ನಾವೇನು ಹುಳವಾ ಮಾರಾಯ್ತಿ?" ಎಂದೆ. ಅವಳು ನಗಲಿಲ್ಲ.

ಕಲ್ಯಾಣದ ಸೂಪರ್ ಮಾರ್ಕೆಟ್ಟಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿನ ಕೆಂಪು ಟೀ ಶರ್ಟಿನ ಕೆಲಸದವನು ಅವಳ ಪ್ರಶ್ನೆ ಕೇಳಿ ತಲೆ ಕೆರೆದುಕೊಂಡು, "ಮ್ಯಾಡಮ್, ಭೈಂಸ್ ಕ್ಯಾ ಖಾತೀ ಹೈ, ವೋ ಥೋಡೀ ನಾ ಲಿಖಾ ಹೋತಾ ಹೈ" ಎಂದ, ಎಮ್ಮೆ ತಿನ್ನುವುದನ್ನೆಲ್ಲ ಯಾರು ಬರೆಯುತ್ತಾರೆ ಎಂಬಂತೆ. ಅವನ ತಪ್ಪೇನಿಲ್ಲ. ಆದರೆ ಚಿಪ್ಸಿನ ಪೊಟ್ಟಣದ ಮೇಲೆ ಇಡೀ ಜಾತಕ ಬರೆಯುವ ದೊಡ್ಡವರು ಇದೊಂದನ್ನು ಯಾಕೆ ಬರೆಯುವುದಿಲ್ಲ ಎಂದು ನನಗೂ ಸಿಟ್ಟು ಬಂತು. ಅಲ್ಲಿಂದ ಎಮ್ಮೆ ಸಾಕಿ ಹಾಲು ಮಾರುವ ಒಂದು ತಬೇಲಕ್ಕೆ ಹೋದೆವು. ಅಲ್ಲಿನ ಭಯ್ಯಾ ಎದೆಯುಬ್ಬಿಸಿ, ತನ್ನ ಎಮ್ಮೆಗಳಿಗೆ ಹತ್ತಿಕಾಳಿನ ಹಿಂಡಿಯನ್ನೇ ಹಾಕುವುದು, ಹಾಲು ಗಟ್ಟಿ ಎಂದ. ನೇತ್ರಾ ಖಾಲಿ ಕ್ಯಾನು ಹಿಡಿದುಕೊಂಡು ರಿಕ್ಷಾ ಹತ್ತಿದಳು. ಅಂದಿನಿಂದ ಆ ಮನೆಯಲ್ಲಿ ಹಾಲಿಲ್ಲ, ಮೊಸರಿಲ್ಲ. ರಾಜಶೇಖರ ನಮ್ಮ ಮನೆಗೆ ಬಂದು ಕಳ್ಳನ ಹಾಗೆ ಚಹಾ ಕುಡಿದು ಹೋಗುತ್ತಿದ್ದ.

ಮೂರನೆಯ ಬಸಿರು ನಿಂತಿತು. ಪ್ರಯಾಣ ಬೇಡ ಎಂದರು ಡಾಕ್ಟರು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುವಂತಿಲ್ಲವಾದರೆ ತವರೇ ಮಗಳ ಹತ್ತಿರ ಬರಬೇಕಲ್ಲ. ನೇತ್ರಾಳ ಅವ್ವ ಬಸವಣ್ಣೆವ್ವ ಹುಬ್ಬಳ್ಳಿಯಿಂದ ರೈಲಿನಲ್ಲಿ, ಮಡಿಲಲ್ಲಿ ದೊಡ್ಡ ತುಪ್ಪದ ಡಬ್ಬಿ ಇಟ್ಟುಕೊಂಡು ಬಂದರು. ಮಲಗಿದರೆ ಡಬ್ಬಿ ಉರುಳೀತು ಎಂದು ದಾರಿಯುದ್ದಕ್ಕೂ ಕೂತೇ ಇದ್ದರಂತೆ. ನನಗೂ ಒಂದು ಬಾಟಲಿ ತುಂಬಿ ಕೊಟ್ಟರು.

"ಮನಿ ಎಮ್ಮೀದೈತ್ರಿ ಅಕ್ಕಾರ. ಮಗಳು ಬಸರಾದ ಸುದ್ದಿ ಬಂದಾಗಿಂದ ಕೂಡಿಟ್ಟೀನಿ."

ಮನೆಯ ಎಮ್ಮೆ! ನೇತ್ರಾಳಿಗೆ ಅಷ್ಟೇ ಸಾಕಾಗಿತ್ತು. ಮುಂದೆ ಏನೂ ಕೇಳಲಿಲ್ಲ. ಪ್ಯಾಕೆಟ್ಟಿಗೆ ನೂರು ಪ್ರಶ್ನೆ ಹಾಕುವವಳು ಅವ್ವನಿಗೆ ಒಂದನ್ನೂ ಹಾಕಲಿಲ್ಲ. ಯಾರು ತಾನೇ ಹಾಕುತ್ತಾರೆ? ಬಿಸಿ ಅನ್ನಕ್ಕೆ ತುಪ್ಪ, ರೊಟ್ಟಿಗೆ ತುಪ್ಪ. ಅವಳ ಕೆನ್ನೆ ತುಂಬಿಕೊಂಡಿತು. ಬಾಗಿಲಲ್ಲಿ ನಿಂತು ಜೋರಾಗಿ ನಗುವುದನ್ನು ಆಗಲೇ ನಾನು ಮೊದಲ ಸಲ ಕೇಳಿದ್ದು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಅವರ ಕಡೆಯ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿ, ಹೋಳಿಗೆ ಊಟ. ಬಂದ ಹೆಂಗಸರೆಲ್ಲ ತುಪ್ಪವನ್ನು ಹೊಗಳಿದರು. ಇಂಥ ಘಮ ಈ ಊರಲ್ಲಿ ಎಲ್ಲಿ ಸಿಗಬೇಕು ಎಂದು ನಾನೂ ಅಂದೆ. ಬಸವಣ್ಣೆವ್ವ ಹಿಗ್ಗಿಹೋದರು.

"ಸುಮ್ನ ಬರ್ತದೇನ್ರಿ ಘಮಾ? ದಿನಾ ಹತ್ತಿಕಾಳು ನೆನಿಹಾಕಿ, ಒಳ್ಳಾಗ ರುಬ್ಬಿ, ನನ್ನ ಕೈಯಾರೆ ತಿನಿಸೀನಿ. ನಾವು ಅರ್ಧ ಹೊಟ್ಟಿ ಉಂಡ್ರೂ ಎಮ್ಮಿಗೆ ಕಡಿಮಿ ಮಾಡಿಲ್ಲ."

ನೇತ್ರಾಳ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. "ಯಾವ ಹತ್ತೀದವ್ವಾ? ಜವಾರೀದೇನು?"

"ಜವಾರಿ ಈಗೆಲ್ಲೈತಿ ಯವ್ವಾ? ಎಲ್ಲಾರೂ ಪಾಕೀಟಿನ ಬೀಜಾನ ಹಾಕ್ತಾರ. ಬಿಟಿ."

ನೇತ್ರಾ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ಕೈ ತೊಳೆದುಕೊಂಡಳು. ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಸಂಜೆ ರಾಜಶೇಖರ ಹೆಂಡತಿಯ ಹೆದರಿಕೆಯನ್ನು ಅತ್ತೆಗೆ ಸಮಾಧಾನವಾಗಿಯೇ ಬಿಡಿಸಿ ಹೇಳಿದ. ಮರುದಿನ ಡಬ್ಬಿ ಅಟ್ಟದ ಮೇಲೆ ಹೋಗಿತ್ತು.

ಅದಾದ ಕೆಲವು ವಾರಕ್ಕೆ ಹೊಟ್ಟೆಯಲ್ಲಿ ಕೂಸಿನ ಅಲುಗಾಟ ನಿಂತಿತು. ಠಾಣೆಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಹೊಕ್ಕುಳಬಳ್ಳಿ ಬಿಗಿಯಾಗಿ ಗಂಟುಬಿದ್ದಿತ್ತು, ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ರಾಜಶೇಖರ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ.

ಬಸವಣ್ಣೆವ್ವ ವರಾಂಡದಲ್ಲಿ ನನ್ನ ಸೆರಗು ಹಿಡಿದುಕೊಂಡರು. "ಅಕ್ಕಾರ, ನೀವು ನಾಕು ಮಂದೀನ ಕಂಡವ್ರು. ಕೂಸಿನ ಜೀವಾ ನನ್ನ ತುಪ್ಪಾನ ತಗೊಂತೇನ್ರಿ?"

"ಇಲ್ಲ. ಡಾಕ್ಟ್ರು ಹೇಳಿದ್ದು ಕೇಳಿದ್ರಲ್ಲ?"

"ಡಾಕ್ಟರು ನನ್ನ ಎಮ್ಮಿ ನೋಡ್ಯಾರೇನ್ರಿ?"

ಅವರಿಗೆ ಬೇಕಾಗಿದ್ದದ್ದು ನನ್ನ ಮಾತಲ್ಲ, ಡಾಕ್ಟರದೂ ಅಲ್ಲ. ಮಗಳ ಬಾಯಿಂದ ಒಂದು ಮಾತು. ಮಗಳು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವಳ ಎದೆಯಲ್ಲಿ ಹಾಲು ಬಂತು. ಕುಡಿಯುವ ಬಾಯಿ ಇಲ್ಲದ ಹಾಲು. ಅವ್ವ ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದರು. ಕಟ್ಟುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಕೋಣೆಯಲ್ಲಿ ನಿಲ್ಲಲಾಗದೆ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಕೂಸು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಬಸವಣ್ಣೆವ್ವ ಹೊತ್ತುಹೊತ್ತಿಗೆ ಬಿಸಿ ಅನ್ನ, ಮೆಣಸಿನ ಸಾರು ಮಾಡಿ ಕೊಟ್ಟರು. ತುಪ್ಪ ಮಾತ್ರ ಹಾಕಲಿಲ್ಲ. ಒಂದು ಬೆಳಿಗ್ಗೆ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಕೆಳಗೆ ಕಸದ ತೊಟ್ಟಿಗೆ ಸುರಿದು ಬಂದರು. ತುಪ್ಪದ ಘಮಕ್ಕೆ ಬಿಲ್ಡಿಂಗಿನ ನಾಯಿಗಳೆಲ್ಲ ಅಲ್ಲಿ ಸೇರಿದ್ದವು. ನನಗೆ ಯಾರ ಮೇಲೆ ಎಂದು ತಿಳಿಯದಷ್ಟು ಕೋಪ ಬಂತು.

ಬಸವಣ್ಣೆವ್ವ ಊರಿಗೆ ಹೊರಡುವ ಹಿಂದಿನ ದಿನ ರಾಜಶೇಖರ ಹೆಂಡತಿಗೆ ಹೇಳಿದ: "ಅತ್ತಿಯವರು ಫೋನ್ ಮಾಡಿ ಎಮ್ಮಿ ಮಾರಿಸ್ಯಾರ."

ನೇತ್ರಾ ಎದ್ದು ಕೂತಳು. ಊಟದ ಹೊತ್ತಿಗೆ ತಾನಾಗಿ ಅಡುಗೆಮನೆಗೆ ಬಂದು ತಟ್ಟೆ ಹಾಕಿಕೊಂಡಳು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಅವ್ವಾ, ತುಪ್ಪ ಹಾಕು."

"ಇಲ್ಲ ಯವ್ವಾ. ಚೆಲ್ಲೀನಿ."

ನಾನು ಎದ್ದು ಹೋಗಿ ನನ್ನ ಬಾಟಲಿ ತಂದೆ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಬಸವಣ್ಣೆವ್ವ ಅದನ್ನು ಮುಟ್ಟಲಿಲ್ಲ. ನೇತ್ರಾಳೇ ಇಸಿದುಕೊಂಡು, ಚಮಚದಲ್ಲಿ ಕೆರೆದು ಅನ್ನದ ಮೇಲೆ ಹಾಕಿ ಕಲಸಿದಳು.

"ನಿನ್ನ ತುಪ್ಪದಿಂದ ಏನೂ ಆಗಿಲ್ಲವ್ವಾ. ನನಗ ಹುಚ್ಚು ಹಿಡದಿತ್ತು. ನೋಡಿಲ್ಲೆ, ಉಣ್ಣಾಕತ್ತೀನಿ."

ಅಳುತ್ತಲೇ ತುತ್ತು ಬಾಯಿಗಿಟ್ಟಳು. ಅಂತೂ ಹೇಳಿದಳಲ್ಲ ಎಂದು ನನ್ನ ಎದೆ ಹಗುರಾಯಿತು. ಬಸವಣ್ಣೆವ್ವ ಮಗಳ ಮುಖ ನೋಡುತ್ತಿರಲಿಲ್ಲ. ತುತ್ತು ಇಳಿಯುವ ಗಂಟಲನ್ನು ನೋಡುತ್ತಿದ್ದರು. ಎರಡನೆಯ ತುತ್ತಿಗೆ ಅವರ ಕೈ ಮುಂದೆ ಬಂತು. ತಲೆ ಸವರುತ್ತಾರೆ ಎಂದುಕೊಂಡೆ. ಅವರು ಮಗಳ ಮುಂಗೈ ಹಿಡಿದರು.

"ಸಾಕು ಯವ್ವಾ. ನೀ ಒಬ್ಬಾಕಿಯಾದ್ರೂ ಉಳಿ" ಎಂದು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.